ದೇವರ ಆಯ್ಕೆಯ ಬಗ್ಗೆ ವಾದಕ್ಕೆ ಇಳಿಯುವ ಮುಂಚೆ: ರೋಮಾಪುರದವರಿಗೆ 9 ಓದುವುದು ಹೇಗೆ, ಮಾತಾಡುವುದು ಹೇಗೆ

ಕೆಲವು ವರ್ಷಗಳ ಹಿಂದೆ ಒಂದು ಮನೆ ಪ್ರಾರ್ಥನೆ ಮುಗಿದು ಎಲ್ಲರೂ ಟೀ ಲೋಟ ಹಿಡಿದು ಕೂತಿದ್ದೆವು. ಆ ಮನೆಯ ಅಮ್ಮ ತಮ್ಮ ಮಗನ ಮಾತು ತೆಗೆದರು. ಮಗ ಸಭೆಗೆ ಬರುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಮನೆಯಲ್ಲಿ ಪ್ರಾರ್ಥನೆ ಶುರುವಾದರೆ ಎದ್ದು ಹೊರಗೆ ಹೋಗುತ್ತಿದ್ದ. "ಅವನಿಗೋಸ್ಕರ ದಿನಾ ಬೇಡ್ಕೊಳ್ತೀನಿ, ದೇವರು ಕೇಳಿಸ್ಕೊಳ್ತಾನೋ ಇಲ್ವೋ" ಅಂದರು. ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ಆಗಷ್ಟೇ ದೇವರ ಆಯ್ಕೆ, ಅಂದರೆ ಯಾರು ರಕ್ಷಣೆ ಹೊಂದಬೇಕು ಅಂತ ದೇವರು ಮೊದಲೇ ಆರಿಸಿದ್ದಾನೆ ಅನ್ನುವ ವಿಷಯದ ವಿಡಿಯೋಗಳನ್ನು ಒಂದರ ಮೇಲೊಂದು ನೋಡಿದ್ದ. "ಆಂಟಿ, ದೇವರು ಆರಿಸ್ಕೊಂಡಿದ್ರೆ ಬಂದೇ ಬರ್ತಾನೆ, ಇಲ್ಲಾಂದ್ರೆ ನೀವು ಎಷ್ಟು ಬೇಡ್ಕೊಂಡ್ರೂ ಅಷ್ಟೇ" ಅಂದುಬಿಟ್ಟ. ಅಮ್ಮ ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆ ಹುಡುಗ ಕೆಟ್ಟವನಲ್ಲ. ದೇವರು ದೊಡ್ಡವನು ಅನ್ನುವ ಮಾತನ್ನು ಹೊಸದಾಗಿ ಕಂಡುಕೊಂಡ ಖುಷಿಯಲ್ಲಿದ್ದ. ಆದರೆ ಅವನು ಯಾವ ಅಧ್ಯಾಯ ಓದಿ ಆ ಮಾತು ಹೇಳಿದನೋ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ ಆ 9ನೇ ಅಧ್ಯಾಯ ಶುರುವಾಗುವುದೇ ಕಣ್ಣೀರಿನಿಂದ. ಅದನ್ನು ಅವನು ಗಮನಿಸಿರಲಿಲ್ಲ. ನಾನೂ ಆಗ ಗಮನಿಸಿರಲಿಲ್ಲ. ಆಮೇಲೆ ಕೂತು ಓದಿದ್ದು, ಸಭೆಯಲ್ಲಿ ಚಿಕ್ಕ ಗುಂಪಿನ ಜೊತೆ ಓದಿಸಿದ್ದು, ಅದರಿಂದ ಕಲಿತದ್ದು, ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಯುವಕರ ಗುಂಪು ನಡೆಸುವವರಿಗೆ, ಮನೆಯಲ್ಲಿ ಈ ವಿಷಯಕ್ಕೆ ಜಗಳ ಆಗುತ್ತಿರುವವರಿಗೆ, ರಾತ್ರಿ ಮಲಗಿದಾಗ "ನಾನು ಆರಿಸಲ್ಪಟ್ಟವನೋ ಅಲ್ಲವೋ" ಅಂತ ಹೆದರುವವರಿಗೆ ಇದು ಉಪಯೋಗ ಆಗಬಹುದು.

ಮೊದಲು, ಕೇಳುತ್ತಿರುವವರು ಯಾರು ನೋಡಿ

"ದೇವರು ಕೆಲವರನ್ನು ಮಾತ್ರ ಆರಿಸಿಕೊಂಡಿದ್ದಾನಾ?" ಈ ಒಂದೇ ಪ್ರಶ್ನೆಯನ್ನು ಮೂರು ನಾಲ್ಕು ಥರದ ಜನ ಕೇಳುತ್ತಾರೆ. ಓದಿನ ಆಸೆಯಿಂದ ಕೇಳುವವರಿದ್ದಾರೆ. ಪಕ್ಕದ ಸಭೆಯವರ ಜೊತೆ ವಾದ ಗೆಲ್ಲಬೇಕು ಅಂತ ಕೇಳುವವರಿದ್ದಾರೆ. ತಮ್ಮ ಪಾಪದ ಭಾರದಿಂದ ನಡುಗುತ್ತಾ ಕೇಳುವವರಿದ್ದಾರೆ. ಆ ಅಮ್ಮನ ಹಾಗೆ ಮಕ್ಕಳನ್ನು ನೆನೆದು ಕೇಳುವವರೂ ಇದ್ದಾರೆ. ಉತ್ತರ ಕೊಡುವ ಮುಂಚೆ "ಯಾಕೆ ಕೇಳ್ತಿದ್ದೀರಿ?" ಅಂತ ಮೆಲ್ಲಗೆ ಒಂದು ಮಾತು ಕೇಳಿ. ಅರ್ಧ ಜನರಿಗೆ ಬೇಕಾಗಿರುವ ವಚನವೇ ಬೇರೆ ಇರುತ್ತದೆ.

ಹೆದರಿದವರಿಗೆ, ಹದಿನೇಳನೇ ಶತಮಾನದಲ್ಲಿ ಹಾಲೆಂಡಿನಲ್ಲಿ ಇದೇ ವಿಷಯಕ್ಕೆ ಸೇರಿದ ಡೋರ್ಟ್ ಸಭೆಯ ಇತಿಹಾಸ ಹೇಳಬೇಡಿ. ಅವರಿಗೆ ಯೋಹಾನ 6:37 ತೋರಿಸಿ. ತಂದೆ ಕೊಡುವವರೆಲ್ಲರೂ ನನ್ನ ಬಳಿಗೆ ಬರುತ್ತಾರೆ, ಬರುವವನನ್ನು ನಾನು ಎಂದಿಗೂ ತಳ್ಳಿಬಿಡುವುದಿಲ್ಲ ಅಂತ ಯೇಸು ಹೇಳುವ ವಚನ ಅದು. ಮೊದಲರ್ಧ ದೇವರ ಲೆಕ್ಕ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಎರಡನೇ ಅರ್ಧ ನಮಗೆ ಕೊಟ್ಟ ಮಾತು. ಬಂದಿದ್ದೀರಾ? ತಳ್ಳುವುದಿಲ್ಲ ಅಂದಿದ್ದಾನೆ. ಆಯ್ಕೆಯ ಬಗ್ಗೆ ಎಲ್ಲರಿಗಿಂತ ಕಟುವಾಗಿ ಬರೆದವನು ಅಂತ ಹೆಸರಾದ ಹದಿನಾರನೇ ಶತಮಾನದ ಸುಧಾರಕ ಜಾನ್ ಕ್ಯಾಲ್ವಿನ್ ಕೂಡ, ನಿನ್ನ ಆಯ್ಕೆಯನ್ನು ನಿನ್ನೊಳಗೆ ಹುಡುಕಬೇಡ, ಕ್ರಿಸ್ತನೇ ಅದರ ಕನ್ನಡಿ, ಅಲ್ಲಿ ನೋಡು ಅಂತಲೇ ಬರೆದದ್ದು.

"ಹಣೆಬರಹ" ಅನ್ನುವ ಪದವನ್ನು ಪಕ್ಕಕ್ಕೆ ಇಡಿ

ನಮ್ಮ ಕಿವಿಗೆ ದೇವರ ಆಯ್ಕೆ ಅಂದ ಕೂಡಲೇ ಹಣೆಬರಹ, ವಿಧಿ ಅಂತ ಕೇಳಿಸುತ್ತದೆ. ಹುಟ್ಟಿದ ಆರನೇ ರಾತ್ರಿ ಹಣೆಯಲ್ಲಿ ಬರೆದು ಹೋದದ್ದು, ಯಾರೂ ಅಳಿಸಲಾರದ್ದು ಅನ್ನುವ ಭಾವನೆ ನಮ್ಮ ಮಾತಿನಲ್ಲೇ ಬೆರೆತಿದೆ. ಕ್ರೈಸ್ತ ಮನೆಗಳಲ್ಲೂ "ಏನ್ ಮಾಡೋದು, ಅವನ ಹಣೇಲಿ ಬರೆದಿತ್ತು" ಅಂತ ಸಲೀಸಾಗಿ ಹೇಳುತ್ತೇವೆ. ಈ ಕನ್ನಡಕ ಹಾಕಿಕೊಂಡು ಪೌಲನ ಪತ್ರ ಓದಿದರೆ ಎಲ್ಲಾ ವಚನಗಳೂ ಒಂದೇ ಬಣ್ಣದಲ್ಲಿ ಕಾಣುತ್ತವೆ.

ಎಫೆಸದವರಿಗೆ ಒಂದನೇ ಅಧ್ಯಾಯದ 4 ಮತ್ತು 5ನೇ ವಚನ ತೆಗೆಯಿರಿ. ಲೋಕ ಹುಟ್ಟುವುದಕ್ಕೆ ಮುಂಚೆಯೇ ಕ್ರಿಸ್ತನಲ್ಲಿ ನಮ್ಮನ್ನು ಆರಿಸಿಕೊಂಡ ಅನ್ನುತ್ತಾನೆ ಪೌಲ. ಅದಾದ ಮೇಲೆ ಬರುವ ಮಾತು ಮಕ್ಕಳನ್ನಾಗಿ ಸ್ವೀಕರಿಸುವುದರ ಬಗ್ಗೆ, ಅಂದರೆ ದತ್ತು ತೆಗೆದುಕೊಳ್ಳುವುದರ ಬಗ್ಗೆ. ವಿಧಿಗೆ ಮುಖ ಇಲ್ಲ, ಅದರ ಜೊತೆ ಮಾತಾಡೋಕೆ ಆಗಲ್ಲ. ದತ್ತು ತೆಗೆದುಕೊಳ್ಳುವವರಿಗೆ ಮುಖ ಇದೆ, ಹೆಸರು ಇದೆ, ಮನೆ ಇದೆ. ನೀವು ದೇವರೇ ಮೊದಲೇ ಆರಿಸುತ್ತಾನೆ ಅನ್ನುವ ಕ್ಯಾಲ್ವಿನ್ ಕಡೆಯವರಾದರೂ ಸರಿ, ಕೃಪೆ ಎಲ್ಲರಿಗೂ ಇದೆ, ಮನುಷ್ಯ ಅದನ್ನು ಒಪ್ಪಬಹುದು ಬಿಡಬಹುದು ಅನ್ನುವ ಜಾನ್ ವೆಸ್ಲಿ ಕಡೆಯವರಾದರೂ ಸರಿ, ಇಲ್ಲಿಂದ ಶುರು ಮಾಡಿದರೆ ಜಗಳದ ಬಿಸಿ ಅರ್ಧ ಇಳಿಯುತ್ತದೆ.

ಇನ್ನೊಂದು ಪದವನ್ನೂ ಗಮನಿಸಿ: "ಆರಿಸು". ಅಡುಗೆಮನೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುವಾಗ ನಮ್ಮ ಕೈ ಎತ್ತುವುದು ಕಲ್ಲನ್ನು. ಎತ್ತಿದ್ದನ್ನು ಎಸೆಯುತ್ತೇವೆ, ಉಳಿದದ್ದನ್ನು ಬೇಯಿಸುತ್ತೇವೆ. ಸತ್ಯವೇದದಲ್ಲಿ ಆರಿಸುವುದು ಅದರ ಉಲ್ಟಾ. ಅಲ್ಲಿ ಎತ್ತಿಕೊಂಡದ್ದು ಕೆಲಸಕ್ಕೆ. ಅಬ್ರಹಾಮನನ್ನು ಆರಿಸಿದ್ದು ಭೂಮಿಯ ಎಲ್ಲಾ ಕುಲದವರಿಗೆ ಅವನ ಮೂಲಕ ಆಶೀರ್ವಾದ ಸಿಗಲಿ ಅಂತ (ಆದಿಕಾಂಡ 12:3). ಇಸ್ರಾಯೇಲರನ್ನು ಆರಿಸಿದ್ದು ಅವರು ಹೆಚ್ಚು ಜನ ಇದ್ದರು ಅಂತ ಅಲ್ಲ, ಎಲ್ಲರಿಗಿಂತ ಕಡಿಮೆ ಇದ್ದರು, ದೇವರು ಅವರನ್ನು ಪ್ರೀತಿಸಿದ, ಅಷ್ಟೇ (ಧರ್ಮೋಪದೇಶಕಾಂಡ 7:7-8). ಗುಂಪಿನಲ್ಲಿ ಈ ಎರಡು ಭಾಗಗಳನ್ನು ಮೊದಲು ಓದಿಸಿ. ಆರಿಸಲ್ಪಟ್ಟವರು ಅಂದರೆ ಉಳಿದವರಿಗಿಂತ ಮೇಲಿನವರು ಅನ್ನುವ ಭಾವನೆ ಬರುವುದಕ್ಕೆ ಮುಂಚೆಯೇ ಹೋಗಿಬಿಡುತ್ತದೆ.

9, 10, 11 ಒಂದೇ ಸಲಕ್ಕೆ ಓದಿ

ಇದು ಮುಖ್ಯ ಕೆಲಸ. ಇದಕ್ಕೆ ಸಮಯ ಕೊಡಿ. ರೋಮಾಪುರದವರಿಗೆ ಬರೆದ ಪತ್ರದ 9, 10, 11 ಮೂರೂ ಅಧ್ಯಾಯಗಳನ್ನು ನಿಲ್ಲಿಸದೆ ಗಟ್ಟಿಯಾಗಿ ಓದಿದರೆ ಹದಿನೈದು ನಿಮಿಷವೂ ಬೇಕಿಲ್ಲ. ಒಬ್ಬರು ಓದಲಿ, ಉಳಿದವರು ಕೇಳಲಿ. ಆ ಹೊತ್ತಲ್ಲಿ ಯಾರೂ ಮಧ್ಯೆ ಮಾತಾಡಬಾರದು. ಈ ಮೂರೂ ಸೇರಿ ಒಂದೇ ವಾದ. 9ನ್ನು ಮಾತ್ರ ಕಿತ್ತುಕೊಂಡು ಓದುವುದು, ಅಥವಾ 10ನ್ನು ಮಾತ್ರ ಹಿಡಿದುಕೊಳ್ಳುವುದು, ಎರಡೂ ಕಡೆಯವರೂ ಮಾಡುವ ತಪ್ಪು.

ಓದಿದ ಮೇಲೆ ಹಿಂದಕ್ಕೆ ಬಂದು ನಿಧಾನವಾಗಿ ನೋಡಿ. 9:2ರಲ್ಲಿ ಪೌಲ ನನಗೆ ದೊಡ್ಡ ದುಃಖ ಇದೆ, ಹೃದಯದಲ್ಲಿ ಬಿಡದ ನೋವಿದೆ ಅನ್ನುತ್ತಾನೆ. ಮುಂದಿನ ವಚನದಲ್ಲಿ, ನನ್ನ ರಕ್ತ ಸಂಬಂಧಿಕರಿಗೋಸ್ಕರ ನಾನೇ ಶಾಪಗ್ರಸ್ತನಾಗಿ ಕ್ರಿಸ್ತನನ್ನು ಅಗಲಿದರೂ ಆದೀತು ಅನ್ನುವ ಮಟ್ಟಕ್ಕೆ ಹೋಗುತ್ತಾನೆ. ಯಾಕೋಬ, ಏಸಾವ, ಫರೋಹ, ಕುಂಬಾರ ಎಲ್ಲಾ ಇದಾದ ಮೇಲೆ ಬರುವುದು. ಇಷ್ಟೆಲ್ಲಾ ಹೇಳಿ ಮುಗಿಸಿ 10:1ರಲ್ಲಿ ಮತ್ತೆ, ಅವರು ರಕ್ಷಣೆ ಹೊಂದಬೇಕು ಅಂತ ದೇವರಲ್ಲಿ ಬೇಡುತ್ತೇನೆ ಅನ್ನುತ್ತಾನೆ. ಅಂದರೆ ಆಯ್ಕೆಯ ಬಗ್ಗೆ ಇಡೀ ಸತ್ಯವೇದದಲ್ಲಿ ಎಲ್ಲರಿಗಿಂತ ಬಲವಾಗಿ ಬರೆದ ಮನುಷ್ಯನೇ, ಅದನ್ನು ಬರೆದ ಮರುಕ್ಷಣ, ಇನ್ನೂ ನಂಬದವರಿಗೋಸ್ಕರ ಪ್ರಾರ್ಥನೆ ಮಾಡುತ್ತಿದ್ದಾನೆ. ಆ ಹುಡುಗ ಅಮ್ಮನಿಗೆ ಹೇಳಿದ ಮಾತಿಗೆ ಪೌಲನ ಪತ್ರದಲ್ಲಿ ಜಾಗ ಇಲ್ಲ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಈಗ ಕಷ್ಟದ ಜಾಗ. 9:10ರಿಂದ 13ರ ತನಕ ರೆಬೆಕ್ಕಳ ಹೊಟ್ಟೆಯಲ್ಲಿದ್ದ ಅವಳಿ ಮಕ್ಕಳಾದ ಏಸಾವ, ಯಾಕೋಬರ ವಿಷಯ. ಅವರಿನ್ನೂ ಹುಟ್ಟಿರಲಿಲ್ಲ, ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡಿರಲಿಲ್ಲ, ಆಗಲೇ ದೊಡ್ಡವನು ಚಿಕ್ಕವನಿಗೆ ಸೇವೆ ಮಾಡುವನು ಅಂತ ಹೇಳಲಾಯಿತು. ಇಲ್ಲಿ ಎರಡು ಓದು ಇವೆ. ಎರಡನ್ನೂ ಪ್ರಾಮಾಣಿಕವಾಗಿ ಗುಂಪಿನ ಮುಂದೆ ಇಡಿ.

ಒಂದು ಕಡೆಯವರು ಹೇಳುವುದು ಹೀಗೆ. ಪೌಲ ಇಲ್ಲಿ ಎತ್ತಿಕೊಂಡಿರುವ ಎರಡು ಹಳೆಯ ವಚನಗಳನ್ನು ತೆರೆದು ನೋಡಿ. ಆದಿಕಾಂಡ 25:23ರಲ್ಲಿ ನಿನ್ನ ಗರ್ಭದಲ್ಲಿ ಎರಡು ಜನಾಂಗಗಳಿವೆ ಅಂತಿದೆ. 9:13ರಲ್ಲಿರುವ, ಏಸಾವನನ್ನು ದ್ವೇಷಿಸಿದೆನು ಅನ್ನುವ ಮಾತು ಮೊದಲು ಬರುವುದು ಮಲಾಕಿಯ 1ರಲ್ಲಿ, ಆ ಅವಳಿ ಮಕ್ಕಳು ತೀರಿಹೋಗಿ ನೂರಾರು ವರ್ಷ ಆದ ಮೇಲೆ, ಏಸಾವನ ಸಂತತಿಯ ಎದೋಮ್ ದೇಶದ ಬಗ್ಗೆ. ಆದ್ದರಿಂದ ಇದು ಜನಾಂಗಗಳ ಮಾತು, ದೇವರ ಯೋಜನೆಯಲ್ಲಿ ಯಾರ ಪಾತ್ರ ಏನು ಅನ್ನುವ ಮಾತು. ಒಬ್ಬ ಮನುಷ್ಯನ ಆತ್ಮ ಸ್ವರ್ಗಕ್ಕೋ ನರಕಕ್ಕೋ ಅನ್ನುವ ಮಾತಲ್ಲ.

ಇನ್ನೊಂದು ಕಡೆಯವರ ಉತ್ತರವೂ ಗಟ್ಟಿಯಾಗಿಯೇ ಇದೆ. ಪೌಲನ ಸಂಕಟ ಇರುವುದೇ ರಕ್ಷಣೆಯ ಬಗ್ಗೆ. ಸುಮ್ನೆ ಜನಾಂಗಗಳ ಪಾತ್ರದ ಮಾತಾಗಿದ್ದರೆ ಅವನು ಶಾಪಗ್ರಸ್ತನಾಗಲು ಯಾಕೆ ತಯಾರಿರಬೇಕು? 19ನೇ ವಚನದಲ್ಲಿ "ಹಾಗಾದರೆ ದೇವರು ತಪ್ಪು ಹೊರಿಸುವುದು ಯಾಕೆ? ಅವನ ಚಿತ್ತವನ್ನು ಎದುರಿಸುವವರು ಯಾರು?" ಅಂತ ಒಬ್ಬ ಎದುರು ವಾದ ಮಾಡುತ್ತಾನಲ್ಲ, ಆ ಪ್ರಶ್ನೆ ಹುಟ್ಟುವುದೇ ದೇವರ ಆಯ್ಕೆ ಮನುಷ್ಯನ ಕೆಲಸದ ಮೇಲೆ ನಿಂತಿಲ್ಲ ಅಂತ ಕೇಳಿಸಿಕೊಂಡಾಗ.

ನಾನು ಬೆಳೆದದ್ದು ವೆಸ್ಲಿಯ ದಾರಿಯ ಸಭೆಯಲ್ಲಿ. ಮೊದಲನೇ ಓದೇ ನನಗೆ ಹತ್ತಿರ. ಆದರೂ 16ನೇ ವಚನ, ಅಂದರೆ ಇದು ಬಯಸುವವನಿಂದಲೂ ಅಲ್ಲ ಓಡುವವನಿಂದಲೂ ಅಲ್ಲ ಕರುಣಿಸುವ ದೇವರಿಂದ ಅನ್ನುವ ಮಾತು, ಜನಾಂಗಗಳಿಗೆ ಮಾತ್ರ ಸೇರಿದ್ದು ಅಂತ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ನನ್ನ ಸ್ವಂತ ಬದುಕಿನಲ್ಲಿ ಅದು ಹಾಗೇ ನಡೆದಿದೆ.

ಐಗುಪ್ತದ ಅರಸ ಫರೋಹನ ವಿಷಯ ಬಂದಾಗ ವಿಮೋಚನಕಾಂಡಕ್ಕೆ ಹೋಗಿ ಪೆನ್ಸಿಲ್ ಹಿಡಿದು ಗುರುತು ಮಾಡಿಸಿ. 4:21 ಮತ್ತು 7:3ರಲ್ಲಿ ಅವನ ಹೃದಯವನ್ನು ಕಠಿಣ ಮಾಡುತ್ತೇನೆ ಅಂತ ದೇವರು ಮೊದಲೇ ಹೇಳುತ್ತಾನೆ. 8:15 ಮತ್ತು 8:32ರಲ್ಲಿ ಫರೋಹನೇ ತನ್ನ ಹೃದಯವನ್ನು ಕಠಿಣ ಮಾಡಿಕೊಂಡ ಅಂತಿದೆ. 9:12ರಲ್ಲಿ ಯೆಹೋವನು ಅದನ್ನು ಕಠಿಣ ಮಾಡಿದ ಅಂತಿದೆ. ಗುಂಪಿನಲ್ಲಿ ಯಾರೋ ಒಬ್ಬರು ಒಂದು ಸಾಲನ್ನು ಮಾತ್ರ ಎತ್ತಿಕೊಂಡು ಓಡಲು ನೋಡುತ್ತಾರೆ. ಮೂರಕ್ಕೂ ಗುರುತು ಬೀಳುವ ತನಕ ಯಾರನ್ನೂ ಮುಂದೆ ಹೋಗಲು ಬಿಡಬೇಡಿ.

ಕುಂಬಾರನ ತಿಗರಿ, ಮತ್ತು ಕಸಿ ಕಟ್ಟಿದ ಕೊಂಬೆ

9:21ರ ಕುಂಬಾರನನ್ನು ಕಂಡರೆ ತುಂಬಾ ಜನರಿಗೆ ಭಯ. ಒಂದೇ ಮುದ್ದೆ ಮಣ್ಣಿನಿಂದ ಒಂದು ಗೌರವದ ಪಾತ್ರೆ, ಇನ್ನೊಂದು ಹೀನ ಬಳಕೆಯ ಪಾತ್ರೆ ಮಾಡುವ ಹಕ್ಕು ಅವನಿಗಿಲ್ಲವೇ ಅಂತ ಪೌಲ ಕೇಳುತ್ತಾನೆ. ಈ ಚಿತ್ರ ಪೌಲನದ್ದು ಮಾತ್ರ ಅಲ್ಲ, ಪ್ರವಾದಿಗಳ ಕಾಲದಿಂದ ಬಂದದ್ದು. ಯೆರೆಮೀಯ 18ಕ್ಕೆ ಹೋಗಿ. ಪ್ರವಾದಿ ಕುಂಬಾರನ ಮನೆಗೆ ಇಳಿದು ಹೋಗುತ್ತಾನೆ. ತಿಗರಿ ತಿರುಗುತ್ತಿದೆ. ಮಾಡುತ್ತಿದ್ದ ಪಾತ್ರೆ ಕೈಯಲ್ಲೇ ಕೆಡುತ್ತದೆ.

ತಿಗರಿಯ ಮುಂದೆ ಕೂತು ನೋಡಿದವರಿಗೆ ಆ ಕ್ಷಣ ಗೊತ್ತಿರುತ್ತದೆ. ಅಂಚು ಏರುತ್ತಾ ಏರುತ್ತಾ ಒಂದು ಕಡೆ ತೆಳುವಾಗಿ ಓಲಾಡುತ್ತದೆ, ಚಿಕ್ಕ ಕಲ್ಲೊಂದು ಬೆರಳಿಗೆ ಸಿಗುತ್ತದೆ, ಇಡೀ ಮಡಕೆ ಸೊಟ್ಟಗೆ ಕುಸಿಯುತ್ತದೆ. ಕುಂಬಾರ ಮಣ್ಣನ್ನು ಆಚೆ ಎಸೆಯುವುದಿಲ್ಲ. ಎರಡೂ ಅಂಗೈಯಲ್ಲಿ ಒತ್ತಿ ಮತ್ತೆ ಮುದ್ದೆ ಮಾಡಿ, ಒದ್ದೆ ಕೈಯಿಂದ ಮತ್ತೆ ಎತ್ತಲು ಶುರು ಮಾಡುತ್ತಾನೆ. ಯೆರೆಮೀಯ ಕಂಡದ್ದೂ ಅದನ್ನೇ, ಅದೇ ಮಣ್ಣಿನಿಂದ ಬೇರೆ ಪಾತ್ರೆ. ಅದಾದ ಮೇಲೆ 7ರಿಂದ 10ನೇ ವಚನಗಳಲ್ಲಿ, ನಾನು ಕಿತ್ತುಹಾಕುತ್ತೇನೆ ಅಂತ ಹೇಳಿದ ಜನಾಂಗ ಕೆಟ್ಟತನ ಬಿಟ್ಟು ತಿರುಗಿಕೊಂಡರೆ ನಾನೂ ಮನಸ್ಸು ಬದಲಿಸುತ್ತೇನೆ ಅಂತ ದೇವರು ಹೇಳುತ್ತಾನೆ. ಯೆಶಾಯ 29 ಮತ್ತು 45ರಲ್ಲಿ ಬರುವ ಕುಂಬಾರನ ಮಾತು ಇದಕ್ಕಿಂತ ಗಡಸು, ಮಣ್ಣು ಕುಂಬಾರನನ್ನು ಪ್ರಶ್ನಿಸಬಹುದೇ ಅನ್ನುವ ಧಾಟಿ. ಪೌಲನ ಮಾತಿನಲ್ಲಿ ಯೆಶಾಯನ ದನಿ ಹೆಚ್ಚು ಕೇಳುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಯೆರೆಮೀಯನನ್ನು ಮರೆತು ಓದುವುದೂ ಸರಿಯಲ್ಲ.

22 ಮತ್ತು 23ನೇ ವಚನಗಳ ನಡುವೆ ಒಂದು ಚಿಕ್ಕ ವ್ಯತ್ಯಾಸ ಇದೆ. ಗ್ರೀಕಿನಲ್ಲಿ ಕರುಣೆಯ ಪಾತ್ರೆಗಳನ್ನು ದೇವರೇ ಮುಂಚಿತವಾಗಿ ಸಿದ್ಧ ಮಾಡಿದ ಅಂತ ನೇರವಾಗಿದೆ. ಕೋಪದ ಪಾತ್ರೆಗಳ ವಿಷಯದಲ್ಲಿ ನಾಶನಕ್ಕೆ ಸಿದ್ಧವಾದವು ಅಂತಷ್ಟೇ ಇದೆ, ಸಿದ್ಧ ಮಾಡಿದವರು ಯಾರು ಅಂತ ಬಿಡಿಸಿ ಹೇಳಿಲ್ಲ. ಅವುಗಳನ್ನು ಬಹಳ ತಾಳ್ಮೆಯಿಂದ ಸಹಿಸಿಕೊಂಡ ಅಂತ ಮಾತ್ರ ಹೇಳಿದೆ. ಲೂಥರನ ದಾರಿಯವರು 1577ರಲ್ಲಿ ತಮ್ಮ ನಂಬಿಕೆಯನ್ನು ಬರೆದಿಟ್ಟಾಗ ಹಿಡಿದ ದಾರಿಯೂ ಇದೇ ಥರದ್ದು: ಆಯ್ಕೆ ಇರುವುದು ರಕ್ಷಣೆಗೆ ಮಾತ್ರ, ನಾಶನಕ್ಕೆ ಯಾರನ್ನೂ ದೇವರು ಆರಿಸಿಲ್ಲ. ರಕ್ಷಣೆ ಹೊಂದಿದವರು ದೇವರ ಕೃಪೆಯಿಂದ, ಕಳೆದುಹೋದವರು ತಮ್ಮ ತಪ್ಪಿನಿಂದ. ಇವೆರಡನ್ನೂ ತರ್ಕದಿಂದ ಹೊಲಿಯಲು ಅವರು ಹೋಗಲಿಲ್ಲ.

11ನೇ ಅಧ್ಯಾಯದ ಎಣ್ಣೆಮರಕ್ಕೆ, ಅಂದರೆ ಆಲಿವ್ ಮರಕ್ಕೆ ಬಂದಾಗ ಗುಂಪಿನಲ್ಲಿ ತೋಟ ಇರುವವರು ಯಾರಾದರೂ ಇದ್ದರೆ ಅವರನ್ನೇ ಮಾತಾಡಲು ಬಿಡಿ. ಮಾವಿಗೆ ಕಸಿ ಕಟ್ಟುವಾಗ ನಾವು ಕಾಟು ಗಿಡದ ಬೇರಿನ ಮೇಲೆ ಒಳ್ಳೆ ಜಾತಿಯ ಕಡ್ಡಿ ಕಟ್ಟುತ್ತೇವೆ, ಅಲ್ವಾ? ಪೌಲ ಹೇಳುವುದು ತಿರುಗುಮುರುಗು. ಊರ ಮರದ ಬೇರಿಗೆ ಕಾಡು ಕೊಂಬೆ. ಇದು ಸ್ವಭಾವಕ್ಕೆ ವಿರುದ್ಧ ಅಂತ ಅವನೇ 24ನೇ ವಚನದಲ್ಲಿ ಹೇಳುತ್ತಾನೆ. ನೀನು ಕಾಡು ಕೊಂಬೆ, ಬೇರು ನಿನ್ನನ್ನು ಹೊತ್ತಿದೆ, ಸೊಕ್ಕಬೇಡ, ಹೆದರಿಕೆಯಿಂದಿರು ಅನ್ನುತ್ತಾನೆ. ಮುರಿದುಬಿದ್ದ ಕೊಂಬೆಗಳನ್ನೂ ಮತ್ತೆ ಕಸಿ ಕಟ್ಟಲು ದೇವರಿಗೆ ಸಾಧ್ಯ ಅಂತಲೂ ಹೇಳುತ್ತಾನೆ. 9ರಲ್ಲಿ ಹೊರಗೆ ನಿಂತಂತೆ ಕಂಡವರಿಗೆ 11ರಲ್ಲಿ ಬಾಗಿಲು ಮುಚ್ಚಿಲ್ಲ. ಒಂಬತ್ತಕ್ಕೇ ಪುಸ್ತಕ ಮುಚ್ಚಿದವರಿಗೆ ಇದು ಕಾಣುವುದೇ ಇಲ್ಲ.

ಜೋಡಿ ವಚನಗಳ ಒಂದು ಹಾಳೆ

ಒಂದು ಹಾಳೆಯ ಮಧ್ಯೆ ಗೆರೆ ಎಳೆದು ಎರಡೂ ಕಡೆಯ ವಚನಗಳನ್ನು ಬರೆಯುವುದು ಎಲ್ಲರೂ ಮಾಡುತ್ತಾರೆ. ಎಫೆಸ 1:4 ಒಂದು ಕಡೆ, 1 ತಿಮೊಥೆಯ 2:4 ಇನ್ನೊಂದು ಕಡೆ. ಯೋಹಾನ 6:44ಕ್ಕೆ ಎದುರಾಗಿ 2 ಪೇತ್ರ 3:9. ಹೀಗೆ ಮಾಡಿದರೆ ಎರಡು ತಂಡ ಆಗಿಬಿಡುತ್ತದೆ. ನಾನು ಹೇಳುವುದು ಬೇರೆ. ಒಬ್ಬನೇ ಬರೆದವನು ಒಂದೇ ಪುಟದಲ್ಲಿ ಎರಡನ್ನೂ ಹೇಳಿರುವ ಜಾಗಗಳನ್ನು ಹುಡುಕಿಸಿ.

ಅಪೊಸ್ತಲರ ಕೃತ್ಯಗಳು 13:48ರಲ್ಲಿ ನಿತ್ಯಜೀವಕ್ಕೆ ನೇಮಿಸಲ್ಪಟ್ಟವರೆಲ್ಲರೂ ನಂಬಿದರು ಅಂತಿದೆ. ಎರಡೇ ವಚನ ಹಿಂದೆ, 46ರಲ್ಲಿ, ನಂಬದವರಿಗೆ ಪೌಲ ಹೇಳಿದ್ದು: ನೀವೇ ನಿಮ್ಮನ್ನು ನಿತ್ಯಜೀವಕ್ಕೆ ಅಪಾತ್ರರು ಅಂತ ತೀರ್ಮಾನಿಸಿಕೊಂಡಿರಿ. ಮತ್ತಾಯ 11:27ರಲ್ಲಿ ಮಗನು ಯಾರಿಗೆ ತಿಳಿಸಲು ಇಷ್ಟಪಡುತ್ತಾನೋ ಅವರೇ ತಂದೆಯನ್ನು ಬಲ್ಲರು ಅಂತ ಇದೆ. ಮರುವಚನದಲ್ಲೇ, ಹೊರೆ ಹೊತ್ತವರೇ, ಎಲ್ಲರೂ ನನ್ನ ಬಳಿಗೆ ಬನ್ನಿ. ಫಿಲಿಪ್ಪಿ 2:12ರಲ್ಲಿ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ, 13ರಲ್ಲಿ ನಿಮ್ಮೊಳಗೆ ಕೆಲಸ ಮಾಡುವವನು ದೇವರೇ. ಬರೆದವರಿಗೆ ಇದು ಮುಜುಗರ ಆಗಿಲ್ಲ. ಒಂದನ್ನು ಬರೆದು ಇನ್ನೊಂದನ್ನು ಅಳಿಸಿಲ್ಲ. ಈ ಹಾಳೆಯನ್ನು ಸತ್ಯವೇದದೊಳಗೆ ಇಟ್ಟುಕೊಳ್ಳಿ, ಹೊಸ ಜೋಡಿ ಸಿಕ್ಕಾಗಲೆಲ್ಲ ಸೇರಿಸಿ.

ಎದುರಿನವರ ಮಾತನ್ನು ಅವರ ಬಾಯಿಂದಲೇ ಕೇಳಿ

ಇತಿಹಾಸ ಸ್ವಲ್ಪ ಗೊತ್ತಿರಬೇಕು. ಇಲ್ಲದಿದ್ದರೆ ಯಾರೋ ಹೇಳಿದ ಸುಳ್ಳನ್ನೇ ನಾವೂ ಹೇಳುತ್ತಾ ಹೋಗುತ್ತೇವೆ. ಈ ಚರ್ಚೆ ಐದನೇ ಶತಮಾನದ್ದು. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ ಒಂದು ಕಡೆ, ಮನುಷ್ಯ ಮನಸ್ಸು ಮಾಡಿದರೆ ದೇವರ ಆಜ್ಞೆಗಳನ್ನು ಪಾಲಿಸಬಲ್ಲ ಎಂದ ಪೆಲಾಜಿಯಸ್ ಇನ್ನೊಂದು ಕಡೆ. 529ರಲ್ಲಿ ಈಗಿನ ಫ್ರಾನ್ಸಿನ ಒರಾಂಜ್‌ನಲ್ಲಿ ಸೇರಿದ ಸಭೆ, ನಂಬಿಕೆಯ ಮೊದಲ ಹೆಜ್ಜೆಯೂ ಕೃಪೆಯಿಂದಲೇ ಅಂತ ತೀರ್ಮಾನಿಸಿತು. ಕೆಟ್ಟದ್ದಕ್ಕಾಗಿ ದೇವರು ಯಾರನ್ನಾದರೂ ನೇಮಿಸಿದ್ದಾನೆ ಅನ್ನುವ ಮಾತನ್ನು ಅದೇ ಸಭೆ ಖಂಡಿಸಿತು.

ಈಗ "ಕ್ಯಾಲ್ವಿನನ ಐದು ಅಂಶಗಳು" ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ಕ್ಯಾಲ್ವಿನ್ ಬರೆದಿಲ್ಲ. ಅವನು ತೀರಿಕೊಂಡದ್ದು 1564ರಲ್ಲಿ. ಹಾಲೆಂಡಿನ ಲೈಡನ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಯಾಕೋಬ್ ಅರ್ಮೀನಿಯಸ್, ದೇವರು ಆರಿಸುವುದು ಕ್ರಿಸ್ತನನ್ನು ನಂಬುವವರನ್ನು ಅಂತ ಕಲಿಸಿದ. ಅವನು 1609ರಲ್ಲಿ ತೀರಿಕೊಂಡ ಮೇಲೆ ಅವನ ಕಡೆಯವರು 1610ರಲ್ಲಿ ಐದು ಅಂಶಗಳ ಮನವಿ ಬರೆದರು. ಅದಕ್ಕೆ ಉತ್ತರವಾಗಿ 1618ರ ನವೆಂಬರಿನಿಂದ 1619ರ ಮೇ ತನಕ ಡೋರ್ಟ್ ಊರಿನಲ್ಲಿ ದೊಡ್ಡ ಸಭೆ ನಡೆಯಿತು, ಅಲ್ಲಿ ಬಂದದ್ದೇ ಈ ಐದು ಉತ್ತರಗಳು. ರಾಜಕೀಯವೂ ಬೆರೆತಿತ್ತು. ಅರ್ಮೀನಿಯಸ್ ಕಡೆಯ ಸುಮಾರು 200 ಬೋಧಕರು ಕೆಲಸ ಕಳೆದುಕೊಂಡರು. ಅವರಿಗೆ ಬೆಂಬಲವಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್ ಅನ್ನುವ 71 ವರ್ಷದ ಮುದುಕನ ತಲೆಯನ್ನು 1619ರ ಮೇ 13ರಂದು ಹೇಗ್ ನಗರದಲ್ಲಿ ಕಡಿದರು. ದೇವರ ಕೃಪೆಯ ಬಗ್ಗೆ ಶುರುವಾದ ಮಾತು ಅಲ್ಲಿಗೆ ಹೋಗಿ ನಿಂತಿತು. ಇದನ್ನು ಗುಂಪಿಗೆ ಹೇಳುವಾಗ ನನ್ನ ದನಿ ಪ್ರತಿ ಸಲ ಕಟ್ಟುತ್ತದೆ.

ಈಗ ಎರಡು ಸುಳ್ಳುಗಳು. ಒಂದು: ಅರ್ಮೀನಿಯಸ್ ಕಡೆಯವರು ಮನುಷ್ಯ ತನ್ನ ಸ್ವಂತ ಬಲದಿಂದ ರಕ್ಷಣೆ ಪಡೆಯುತ್ತಾನೆ ಅನ್ನುತ್ತಾರೆ. ಇಲ್ಲ. 1610ರ ಮನವಿಯ ಮೂರು ಮತ್ತು ನಾಲ್ಕನೇ ಅಂಶಗಳು, ಕೃಪೆ ಇಲ್ಲದೆ ಮನುಷ್ಯ ಒಳ್ಳೆಯದನ್ನು ಯೋಚಿಸಲೂ ಆಗದು ಅಂತ ಹೇಳುತ್ತವೆ. ಆ ಕೃಪೆಯನ್ನು ಮನುಷ್ಯ ಎದುರಿಸಬಹುದು ಅನ್ನುವುದೇ ವ್ಯತ್ಯಾಸ. ನಂಬಿದವನು ಬಿದ್ದುಹೋಗಬಹುದೇ ಅನ್ನುವ ಐದನೇ ಅಂಶದಲ್ಲಿ, ಇದನ್ನು ಶಾಸ್ತ್ರದಿಂದ ಇನ್ನೂ ಪರೀಕ್ಷಿಸಬೇಕು ಅಂತಷ್ಟೇ ಬರೆದರು. ಎರಡು: ಕ್ಯಾಲ್ವಿನ್ ಕಡೆಯವರು ಸುವಾರ್ತೆ ಸಾರುವುದಿಲ್ಲ, ಯಾಕಂದರೆ ಎಲ್ಲಾ ಮೊದಲೇ ತೀರ್ಮಾನ ಆಗಿದೆಯಲ್ಲ. ಇದೂ ಇಲ್ಲ. ಡೋರ್ಟ್ ಸಭೆಯೇ ಸುವಾರ್ತೆಯನ್ನು ಎಲ್ಲಾ ಜನಾಂಗಗಳಿಗೂ ಭೇದವಿಲ್ಲದೆ ಸಾರಬೇಕು ಅಂತ ಬರೆಯಿತು. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಆಯ್ಕೆಯನ್ನು ನಂಬುವ ಬ್ಯಾಪ್ಟಿಸ್ಟ್ ಪಂಗಡದವನೇ.

ಕಥೋಲಿಕರ ಮನೆಯಲ್ಲೂ ಇದೇ ಚರ್ಚೆ ನಡೆದಿದೆ. ಡೊಮಿನಿಕನ್, ಜೆಸ್ವಿಟ್ ಅನ್ನುವ ಎರಡು ಸನ್ಯಾಸಿ ಪಂಗಡಗಳ ನಡುವೆ ಕೃಪೆ ಮತ್ತು ಸ್ವಂತ ಇಚ್ಛೆಯ ವಿಷಯದಲ್ಲಿ ವರ್ಷಗಟ್ಟಲೆ ವಾದ ಆಯಿತು. 1607ರಲ್ಲಿ ಪೋಪ್ ಐದನೇ ಪೌಲ್, ಎರಡೂ ಕಡೆಯವರು ತಮ್ಮ ಮಾತು ಇಟ್ಟುಕೊಳ್ಳಲಿ, ಆದರೆ ಒಬ್ಬರನ್ನೊಬ್ಬರು ಪಾಷಂಡಿ ಅನ್ನಬಾರದು ಅಂತ ಮುಗಿಸಿದರು. ಇಪ್ಪತ್ತನೇ ಶತಮಾನದಲ್ಲಿ ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್, ಆರಿಸುವ ದೇವರೂ ಆರಿಸಲ್ಪಟ್ಟ ಮನುಷ್ಯನೂ ಯೇಸು ಕ್ರಿಸ್ತನೇ, ಅಲ್ಲಿಂದ ಶುರು ಮಾಡಿ ಅಂದರು. ಅದು ದೊಡ್ಡ ವಿಷಯ, ಹೊಸಬರ ಗುಂಪಿಗೆ ಬೇಡ.

ಜಗಳ ಆಡಿಯೂ ಉಳಿದುಕೊಂಡವರು

ಮಾತು ಬಿಸಿಯಾದರೆ ನಾನು ಜಾನ್ ವೆಸ್ಲಿ ಮತ್ತು ಜಾರ್ಜ್ ವಿಟ್‌ಫೀಲ್ಡ್ ಅವರ ವಿಷಯ ಹೇಳುತ್ತೇನೆ. ಆಕ್ಸ್‌ಫರ್ಡ್‌ನಿಂದಲೇ ಗೆಳೆಯರು, ಇಬ್ಬರೂ ಇಂಗ್ಲೆಂಡಿನ ಬೋಧಕರು. ಆಯ್ಕೆಯ ವಿಷಯದಲ್ಲಿ ವಿಟ್‌ಫೀಲ್ಡ್ ಮಾತ್ರ ಕ್ಯಾಲ್ವಿನ್ ಕಡೆ. 1739ರಲ್ಲಿ ವೆಸ್ಲಿ ಬ್ರಿಸ್ಟಲ್‌ನಲ್ಲಿ ಆಯ್ಕೆಯ ಬೋಧನೆಯ ವಿರುದ್ಧ ಕಟುವಾದ ಪ್ರಸಂಗ ಮಾಡಿ ಅಚ್ಚು ಹಾಕಿಸಿದರು. ವಿಟ್‌ಫೀಲ್ಡ್ 1740ರ ಡಿಸೆಂಬರ್ 24ರಂದು ಅಮೆರಿಕದ ಜಾರ್ಜಿಯಾದಿಂದ ಅಷ್ಟೇ ಖಾರವಾದ ಉತ್ತರ ಬರೆದರು, ಅದೂ ಅಚ್ಚಾಯಿತು. ಸ್ನೇಹ ಮುರಿಯಿತು, ಇಬ್ಬರ ಹಿಂಬಾಲಕರೂ ಬೇರೆ ಬೇರೆಯಾದರು. ಆಮೇಲೆ ನಿಧಾನವಾಗಿ ಮತ್ತೆ ಹತ್ತಿರ ಬಂದರು. ಅಭಿಪ್ರಾಯ ಇಬ್ಬರದ್ದೂ ಬದಲಾಗಲಿಲ್ಲ. 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ, ಅವರದೇ ಆಸೆಯಂತೆ, ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿ.

ನಮ್ಮಲ್ಲಂತೂ ಇದು ದೂರದ ಕಥೆ ಅಲ್ಲ. 1947ರಲ್ಲಿ ದಕ್ಷಿಣ ಭಾರತ ಸಭೆ ಆದಾಗ ಆಂಗ್ಲಿಕನ್ನರು, ವೆಸ್ಲಿಯ ಮೆಥೊಡಿಸ್ಟರು, ಕ್ಯಾಲ್ವಿನನ ವಂಶದ ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಎಲ್ಲಾ ಒಂದಾದರು. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಮೊಮ್ಮಕ್ಕಳು, ಬಳ್ಳಾರಿ ಮತ್ತು ಬೆಂಗಳೂರಿನ ಲಂಡನ್ ಮಿಷನ್ನಿನ ಮೊಮ್ಮಕ್ಕಳು ಇವತ್ತು ಒಂದೇ ಸಭೆಯ ಬೆಂಚಿನಲ್ಲಿ ಕೂರುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಂತೂ ಮೊದಲಿಂದಲೇ ಲೂಥರನ ಕಡೆಯವರೂ ರಿಫಾರ್ಮ್ಡ್, ಅಂದರೆ ಕ್ಯಾಲ್ವಿನನ ದಾರಿಯ ಕಡೆಯವರೂ ಕೂಡಿ ಕೆಲಸ ಮಾಡಿದ್ದರು. ನಾವು ಸಭೆಯಲ್ಲಿ ಎದ್ದು ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ಈ ಚರ್ಚೆಯ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾಗಿ ಈ ಒಂದು ವಿಷಯಕ್ಕೆ ಸಭೆ ಒಡೆಯಲು ಹೊರಟವರು ಬಂದರೆ, ನಿಮ್ಮ ಅಯ್ಯನವರ ಹತ್ತಿರ ಮೊದಲು ಮಾತಾಡಿ, ಗುಂಪಿನಲ್ಲಿ ಅಲ್ಲ.

ಹೇಳಬಾರದ ಮಾತು, ಹೇಳಬಹುದಾದ ಮಾತು

ಮಗು ಕಳೆದುಕೊಂಡ ತಂದೆತಾಯಿಯ ಹತ್ತಿರ ಈ ವಿಷಯ ನೀವಾಗಿ ಎತ್ತಬೇಡಿ. ಅವರಾಗಿ ಕೇಳಿದರೆ, ಅತಿ ಕಟು ಅಂತ ಹೆಸರಾದ ಡೋರ್ಟ್ ಸಭೆಯೇ ಏನು ಬರೆದಿದೆ ಹೇಳಿ: ಎಳೆತನದಲ್ಲೇ ದೇವರು ಕರೆದುಕೊಂಡ ತಮ್ಮ ಮಕ್ಕಳ ಆಯ್ಕೆ ಮತ್ತು ರಕ್ಷಣೆಯ ಬಗ್ಗೆ ಭಕ್ತ ತಂದೆತಾಯಿ ಸಂಶಯ ಪಡಬಾರದು. ಅಷ್ಟು ಹೇಳಿ ಸುಮ್ಮನೆ ಅವರ ಜೊತೆ ಕೂತುಕೊಳ್ಳಿ.

ಬದುಕಿರುವ ಯಾರ ಬಗ್ಗೆಯೂ "ಅವನು ಆರಿಸಲ್ಪಟ್ಟವನಲ್ಲ" ಅಂತ ಹೇಳುವ ಹಕ್ಕು ನಿಮಗಿಲ್ಲ. ಯಾವ ಕಡೆಯ ಗಂಭೀರ ಬೋಧಕನೂ ಆ ಹಕ್ಕನ್ನು ಕೊಡುವುದಿಲ್ಲ. ಆ ಪಟ್ಟಿ ಯಾರ ಕೈಯಲ್ಲೂ ಇಲ್ಲ. ಸ್ತೆಫನನ ಮೇಲೆ ಕಲ್ಲು ಬೀಳುವಾಗ ಬಟ್ಟೆ ಕಾಯುತ್ತಾ ನಿಂತಿದ್ದ ಸೌಲನನ್ನು ಆ ದಿನ ನೋಡಿದವರು ಏನು ಅಂದುಕೊಂಡಿರಬಹುದು, ಯೋಚಿಸಿ. ಮುಂದೆ ಪೌಲನಾಗಿ ರೋಮಾಪುರದವರಿಗೆ 9ನೇ ಅಧ್ಯಾಯ ಬರೆದವನು ಅವನೇ.

ಆ ಅಮ್ಮನ ಮನೆಗೆ ನಾನು ತುಂಬಾ ದಿನ ಆದ ಮೇಲೆ ಹೋದೆ. ವಾದ ಏನೂ ಮಾಡಲಿಲ್ಲ. 9:1ರಿಂದ 3, ಆಮೇಲೆ 10:1, ನಾಲ್ಕೇ ವಚನ ಓದಿದೆ. "ಪೌಲನೂ ಮನೆಯವರಿಗೋಸ್ಕರ ಹಿಂಗೇ ಸಂಕಟ ಪಟ್ನಾ?" ಅಂದರು. ಹೌದಮ್ಮ, ಪ್ರಾರ್ಥನೆಯನ್ನೂ ಬಿಡಲಿಲ್ಲ ಅಂದೆ. ಮಗ ಇನ್ನೂ ಸಭೆಗೆ ಬರುತ್ತಿಲ್ಲ. ಅವರು ಈಗಲೂ ದಿನಾ ಅವನ ಹೆಸರು ಹೇಳಿ ಬೇಡುತ್ತಾರೆ. ನಾನೂ ಬೇಡುತ್ತೇನೆ.

ಗುಂಪು ನಡೆಸುವವರಿಗೆ ಕೊನೆಯದಾಗಿ ಒಂದು ವಿಷಯ. ನಾಲ್ಕು ವಾರ ಇಟ್ಟುಕೊಳ್ಳಿ. ಮೊದಲ ವಾರ ಅಬ್ರಹಾಮ ಮತ್ತು ಇಸ್ರಾಯೇಲ್, ಎರಡನೇ ವಾರ 9, ಮೂರನೇ ವಾರ 10, ನಾಲ್ಕನೇ ವಾರ 11. ಎರಡನೇ ವಾರವೇ ಎಲ್ಲಾ ಪ್ರಶ್ನೆ ಬರುತ್ತದೆ, ಜನ ಹನ್ನೊಂದರ ತನಕ ಕಾಯಲ್ಲ, ಆದ್ದರಿಂದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ ಡಬ್ಬಿಗೆ ಹಾಕಿಸಿ. ನಾಲ್ಕನೇ ವಾರ 11:33ರಿಂದ 36ರ ತನಕ ಎಲ್ಲರೂ ಎದ್ದು ನಿಂತು ಗಟ್ಟಿಯಾಗಿ ಓದಲಿ. ಅಷ್ಟೊತ್ತು ವಾದ ಮಾಡಿದ ಪೌಲ ಅಲ್ಲಿ ವಾದ ನಿಲ್ಲಿಸಿ ದೇವರನ್ನು ಕೊಂಡಾಡುತ್ತಾನೆ. ಆ ದಿನ ಡಬ್ಬಿ ತೆರೆಯಬೇಡಿ. ಒಂದು ಕೀರ್ತನೆ ಹಾಡಿ ಮನೆಗೆ ಕಳಿಸಿ. ಚೀಟಿಗಳನ್ನು ಐದನೇ ವಾರ ನೋಡಿದರಾಯಿತು.